ಚಿಕಿತ್ಸೆ ಮುಗಿದ ಮೇಲೆ ಮನೆಯ ಹೊಣೆ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದ ತಾಯಿಯನ್ನು ನೋಡಲು ಬಂದ ಬಂಧುಗಳು ‘ಇನ್ನೇನು, ಗುಣವಾಯಿತು, ಧೈರ್ಯದಿಂದಿರು’ ಎಂದು ಹೇಳಿ ಹೋಗುತ್ತಾರೆ. ಮರುದಿನದಿಂದಲೇ ಒಲೆ, ನೀರು, ಹೊಲ ಎಲ್ಲವೂ ಮತ್ತೆ ಆಕೆಯ ಹೆಗಲೇರುತ್ತವೆ. ಯಾದಗಿರಿ, ಶಹಾಪುರ, ಸುರಪುರ ಭಾಗದ ಸದ್ಭಕ್ತರು ಈ ವಿಷಯವನ್ನು ಕುರಿತು ಆಲೋಚಿಸಬೇಕಾಗಿದೆ. ಆಸ್ಪತ್ರೆಯ ಚಿಕಿತ್ಸೆ ಮುಗಿದರೂ ಮನೆಯ ಆರೈಕೆ ಮುಗಿಯುವುದಿಲ್ಲ. ಅದರ ಹೊಣೆ ಮನೆಮಂದಿಯೆಲ್ಲರದು.

ನಮ್ಮ ದೇಶದ ಮಹಿಳೆಯರಲ್ಲಿ ಹೆಚ್ಚಾಗಿ ಕಂಡುಬರುವುದು ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್. ಕೀಮೊಥೆರಪಿ, ವಿಕಿರಣ ಚಿಕಿತ್ಸೆಗಳ ದಣಿವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದನ್ನು ಸೋಮಾರಿತನವೆಂದು ಭಾವಿಸಬಾರದು. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದಿದ್ದರೆ ಆ ಬದಿಯ ಕೈಗೆ ಬಾವು ಬರಬಹುದು. ಹತ್ತಿ ಬಿಡಿಸುವಾಗ ಆದ ಚಿಕ್ಕ ಗೀರೂ ಸೋಂಕಿಗೆ ದಾರಿಯಾದೀತು. ಆದ್ದರಿಂದ ಹೊಲದಲ್ಲಿ ಕೈಗವಸು ಇರಲಿ. ಕೈ ಕೆಂಪಾಗಿ ಜ್ವರ ಬಂದರೆ ಅಂದೇ ವೈದ್ಯರನ್ನು ಕಾಣಬೇಕು. ಎಡಗೈಯ ಬದಿ ಶಸ್ತ್ರಚಿಕಿತ್ಸೆಯಾದವರು ಇಷ್ಟಲಿಂಗ ಪೂಜೆಯ ವೇಳೆ ಮೊಣಕೈಗೆ ದಿಂಬಿನ ಆಸರೆ ಪಡೆಯುವುದರಲ್ಲಿ ತಪ್ಪೇನಿಲ್ಲ.

ವಾರಕ್ಕೆ 150 ನಿಮಿಷಗಳ ಸಾಧಾರಣ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಮೊದಲು 10 ನಿಮಿಷ ನಡೆದು, ಶಕ್ತಿ ಬಂದಂತೆ ಹೆಚ್ಚಿಸಿಕೊಳ್ಳಬಹುದು. ನಮ್ಮ ಭಾಗದ ಬೇಸಿಗೆಯಲ್ಲಿ ಸೂರ್ಯ ಏರುವ ಮುನ್ನವೇ ನಡೆಯುವುದು ಲೇಸು. ಜೋಳದ ರೊಟ್ಟಿ, ತೊಗರಿ ಬೇಳೆ, ಸೊಪ್ಪು, ಮೊಸರು ಉತ್ತಮ ಆಹಾರ. ದುಬಾರಿ ಪುಡಿಗಳ ಮೋಹ ಬೇಡ. ಶ್ರಾವಣದ ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಬೇಕು. ಕೆಲವರಿಗೆ ಹಾರ್ಮೋನ್ ಮಾತ್ರೆಗಳನ್ನು 5 ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೊಡುತ್ತಾರೆ. ಗುಣವಾಯಿತೆಂದು ತಾವೇ ನಿಲ್ಲಿಸಬಾರದು.

ದೇಹಕ್ಕಿಂತ ಮನಸ್ಸಿನ ಗಾಯ ಕಾಣುವುದು ಕಷ್ಟ. ಕೂದಲು ಉದುರಿದ ಸಂಕೋಚ, ರೋಗ ಮರಳೀತೆಂಬ ಭಯ, ಪತಿಯ ಮೌನ, ಇವೆಲ್ಲ ಆಕೆಯನ್ನು ಒಳಗೇ ಕೊರೆಯುತ್ತವೆ. ಮರುತಪಾಸಣೆಯ ದಿನ ಹತ್ತಿರವಾದಂತೆ ಭಯ ಹೆಚ್ಚುತ್ತದೆ. ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಬೆಂಗಳೂರಿಗೋ ಹೋಗುವಾಗ ಆಕೆಯನ್ನು ಒಬ್ಬಳೇ ಕಳುಹಿಸದೆ ಜೊತೆಗೆ ಹೋಗಬೇಕು. ‘ಅಳಬೇಡ’ ಎನ್ನುವುದಕ್ಕಿಂತ ‘ಏನನಿಸುತ್ತಿದೆ ಹೇಳು’ ಎಂದು ಕೇಳಿ, ಸುಮ್ಮನೆ ಆಲಿಸುವುದು ಮೇಲು. ಎರಡು ವಾರ ಕಳೆದರೂ ನಿದ್ರೆ ಬಾರದೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರಿಗೆ ತಿಳಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಇನ್ನೊಂದು ನೋವಿನ ಸಂಗತಿಯುಂಟು. ಕೆಲವು ಮನೆಗಳಲ್ಲಿ ಆಕೆಯ ತಟ್ಟೆ, ಲೋಟಗಳನ್ನು ಬೇರೆ ಇಡುತ್ತಾರೆ. ಕ್ಯಾನ್ಸರ್ ಒಟ್ಟಿಗೆ ಉಣ್ಣುವುದರಿಂದ, ಮುಟ್ಟುವುದರಿಂದ ಹರಡುವ ರೋಗವಲ್ಲ. ಪಂಚಸೂತಕಗಳನ್ನೇ ನಿರಾಕರಿಸಿದ ಶರಣರ ಮಾರ್ಗದಲ್ಲಿ ನಡೆಯುವ ನಾವು ರೋಗದ ಸೂತಕವನ್ನು ಹೊಸದಾಗಿ ಹುಟ್ಟುಹಾಕುವುದು ಸಲ್ಲದು.

ಕಾಯಕನಿಷ್ಠೆಯ ಹೆಸರಿನಲ್ಲಿ ಆಕೆ ತಾನೇ ಎಲ್ಲವನ್ನೂ ಮಾಡಲು ಮುಂದಾಗಬಹುದು. ಕೆಲವು ಕಾಲ ಗುಣವಾಗುವುದೇ ಆಕೆಯ ಕಾಯಕ. ಆಕೆಯ ನೀರಿನ ಕೊಡವನ್ನು ಪತಿಯೋ ಮಗನೋ ಎತ್ತಲಿ, ರೊಟ್ಟಿಯನ್ನು ಮತ್ತೊಬ್ಬರು ಬಡಿಯಲಿ. ದಿನಕ್ಕೊಂದು ಗಂಟೆಯಾದರೂ ಆಕೆಯದೇ ಆಗಿರಲಿ.