ಮಬ್ಬಿಗೆ ಬೇಲಿಯಿಲ್ಲ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನ ಮರುಭೂಮಿಯ ಸೀಮೆ. ಅದರೊಳಗಿನ ರಸ್ತೆಯೊಂದು ಬೆಟ್ಟವೇರಿ, ನೆತ್ತಿಯ ಹತ್ತಿರ ಮುಗಿದುಹೋಗುತ್ತದೆ. ಅಲ್ಲಿ ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಹತ್ತಿದರೆ ಕೀಸ್ ವ್ಯೂ. ಎತ್ತರ 5,185 ಅಡಿ. ಮರಳುಗಾಡು ತಾನೇ ಎಂದು ತೆಳು ಅಂಗಿ ತೊಟ್ಟು ಚಳಿಗಾಲದಲ್ಲಿ ಬಂದವರು ಅಲ್ಲಿಯ ಗಾಳಿಗೆ ಗಡಗಡ ನಡುಗುವುದುಂಟು.

ಎದುರಿಗೆ ನೆಲ ಒಮ್ಮೆಲೇ ಇಳಿದು ಕೊಚೆಲ್ಲಾ ಕಣಿವೆ ಹಾಸಿಕೊಂಡಿದೆ. ಬಲಕ್ಕೆ ಪಾಮ್ ಸ್ಪ್ರಿಂಗ್ಸ್ ಪಟ್ಟಣದ ಬೆನ್ನಿಗೆ 10,800 ಅಡಿಯ ಸ್ಯಾನ್ ಜಸಿಂಟೊ ಶಿಖರ. ಎಡಕ್ಕೆ ದೂರದಲ್ಲಿ ಮಿನುಗುವುದು ಸಾಲ್ಟನ್ ಸೀ ಎಂಬ ಉಪ್ಪುನೀರಿನ ಸರೋವರ. ಅದಿರುವುದು ಸಮುದ್ರಮಟ್ಟಕ್ಕಿಂತಲೂ 200 ಅಡಿಗೂ ಹೆಚ್ಚು ಕೆಳಗೆ. 1905ರಲ್ಲಿ ಕೊಲೊರಾಡೊ ನದಿ ನೀರಾವರಿ ಕಾಲುವೆಯನ್ನು ಒಡೆದುಕೊಂಡು ಆ ತಗ್ಗಿಗೆ ನುಗ್ಗಿತು. 1907ರಲ್ಲಿ ಒಡಕು ಮುಚ್ಚುವ ಹೊತ್ತಿಗೆ ಸರೋವರವೇ ಆಗಿಹೋಗಿತ್ತು. ಇದೇ ಕಣಿವೆಯಲ್ಲಿ, ಭೂಕಂಪಗಳಿಗೆ ಹೆಸರಾದ ಸ್ಯಾನ್ ಆಂಡ್ರಿಯಾಸ್ ಬಿರುಕು ಹಾದುಹೋಗುತ್ತದೆ. ಭೂಮಿಯ ಎರಡು ದೊಡ್ಡ ಚಿಪ್ಪುಗಳು ಒಂದನ್ನೊಂದು ಉಜ್ಜಿಕೊಂಡು ಸರಿಯುವ ಗೆರೆ ಅದು.

ಆಕಾಶ ತಿಳಿಯಾಗಿದ್ದರೆ ಮೆಕ್ಸಿಕೊ ಗಡಿಯ ಸಿಗ್ನಲ್ ಬೆಟ್ಟವೂ ಕಾಣುತ್ತದೆ. ಆದರೆ ಎಷ್ಟೋ ದಿನ ಆ ಭಾಗ್ಯವಿಲ್ಲ. ಕಣಿವೆಯ ಮೇಲೆ ಕಂದು ಬಣ್ಣದ ಮಬ್ಬು ಮುಸುಕಿರುತ್ತದೆ. ಅದು ಮಂಜಲ್ಲ. ಸುಮಾರು 200 ಕಿ.ಮೀ. ದೂರದ ಲಾಸ್ ಏಂಜಲೀಸ್ ಕಡೆಯ ವಾಹನಗಳ, ಕಾರ್ಖಾನೆಗಳ ಹೊಗೆ. ಸ್ಯಾನ್ ಜಸಿಂಟೊ ಹಾಗೂ ಸ್ಯಾನ್ ಗೊರ್ಗೋನಿಯೊ ಪರ್ವತಗಳ ನಡುವಿನ ಕಿಂಡಿಯಿಂದ ಪಡುವಣ ಗಾಳಿ ಅದನ್ನು ಇತ್ತ ತಳ್ಳುತ್ತದೆ.

ನೋಟ ಕೆಟ್ಟಿತು ಎಂಬುದಷ್ಟೇ ಆಗಿದ್ದರೆ ನಾಳೆ ಬಂದು ನೋಡಬಹುದಿತ್ತು. ಹೊಗೆಯಲ್ಲಿನ ಸಾರಜನಕ ನೆಲಕ್ಕಿಳಿದು ಗೊಬ್ಬರವಾಗುತ್ತದೆ. ಬಡ ನೆಲಕ್ಕೆ ಒಗ್ಗಿದ ಮರುಭೂಮಿಯ ಗಿಡಗಳಿಗಿಂತ ಹೊರಗಿನಿಂದ ಬಂದ ಹುಲ್ಲಿಗೆ ಅದರಿಂದ ಹೆಚ್ಚು ಲಾಭ. ಮೊದಲು ಪೊದೆಪೊದೆಯ ನಡುವೆ ಬರಿ ನೆಲವಿತ್ತು. ಬೆಂಕಿ ಬಿದ್ದರೂ ದೂರ ಹಬ್ಬುತ್ತಿರಲಿಲ್ಲ. ಈಗ ಆ ಜಾಗದಲ್ಲಿ ಒಣಹುಲ್ಲು. 1999ರಲ್ಲಿ ಸಿಡಿಲಿನಿಂದ ಹತ್ತಿದ ಕಿಚ್ಚು ಉದ್ಯಾನದ ಸುಮಾರು 14 ಸಾವಿರ ಎಕರೆಯನ್ನು ಸುಟ್ಟಿತು. ಕೈಯೆತ್ತಿ ನಿಂತಂತೆ ಕಾಣುವ, ನೂರಾರು ವರ್ಷ ಬಾಳಬಲ್ಲ ಜೋಶುವಾ ಮರಕ್ಕೆ ಬೆಂಕಿಯ ಅಭ್ಯಾಸವಿಲ್ಲ. ಸುಟ್ಟ ಜಾಗದಲ್ಲಿ ಅದು ಮತ್ತೆ ಏಳುವುದು ಬಲು ನಿಧಾನ.

ಈ ಮರಗಳ ಪರವಾಗಿ ಮೊದಲು ದನಿಯೆತ್ತಿದವರಲ್ಲಿ ಪ್ರಮುಖಳು ಮಿನರ್ವಾ ಹಾಯ್ಟ್. ಲಾಸ್ ಏಂಜಲೀಸ್ ಬಳಿಯ ಪ್ಯಾಸಡೀನಾ ಕಡೆಯ ಗೃಹಿಣಿ, ಹೂತೋಟದ ಹುಚ್ಚಿನವಳು. ಪಟ್ಟಣದ ತೋಟಗಳ ಅಲಂಕಾರಕ್ಕೆಂದು ಜನ ಮರುಭೂಮಿಯ ಗಿಡಗಳನ್ನು ಕಿತ್ತೊಯ್ಯುವುದನ್ನು ಕಂಡು ಆಕೆ ಸುಮ್ಮನೆ ಕೂರಲಿಲ್ಲ. ಆಕೆಯ ಹಟದಿಂದಾಗಿಯೇ 1936ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಈ ಸೀಮೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 1994ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ಗಿಡ ಕೀಳುವವರನ್ನು ಕಾವಲಿಟ್ಟು ತಡೆಯಬಹುದು. ಗಾಳಿಯನ್ನು ತಡೆಯುವ ಕಾವಲುಗಾರ ಎಲ್ಲಿ ಸಿಕ್ಕಾನು? ಹೊಗೆ ಹುಟ್ಟುವ ಕಡೆಯಲ್ಲೇ ಕೆಲಸ ಆಗಬೇಕು. ಅದು ಆಗದ ಮಾತೇನಲ್ಲ. 1970ರ ಸ್ವಚ್ಛ ಗಾಳಿ ಕಾಯ್ದೆ ಹಾಗೂ ಕ್ಯಾಲಿಫೋರ್ನಿಯಾದ ಬಿಗಿ ನಿಯಮಗಳು ಬಂದ ಮೇಲೆ ಲಾಸ್ ಏಂಜಲೀಸ್‌ನ ಗಾಳಿ ಮೊದಲಿಗಿಂತ ಎಷ್ಟೋ ಸುಧಾರಿಸಿದೆ. ಸಾಲದು ಎಂಬುದಕ್ಕೆ ಕೀಸ್ ವ್ಯೂನ ಮಬ್ಬೇ ಸಾಕ್ಷಿ.

ಅಲ್ಲಿಗೆ ಹೋಗುವವರು ಚಳಿಗಾಲದಲ್ಲಿ, ಮಳೆ ಬಿದ್ದು ಗಾಳಿ ತೊಳೆದುಹೋದ ಮರುದಿನ ಹೋಗುವುದು ಒಳ್ಳೆಯದು. ಜೊತೆಗೆ ಕುಡಿಯುವ ನೀರಿರಲಿ, ಮೇಲೆ ಸಿಗುವುದಿಲ್ಲ. ಮೆಕ್ಸಿಕೊ ಗಡಿಯ ಬೆಟ್ಟ ಕಂಡರೆ ಅದೃಷ್ಟ. ಕಾಣದಿದ್ದರೆ ನಗರವನ್ನು ಬೈಯುತ್ತ ಇಳಿದು ಬರಬಹುದು. ಕೆಳಗೆ ಕಾದಿರುವುದು ಮಾತ್ರ ಮತ್ತೆ ತಮ್ಮದೇ ಕಾರು.