ಕೂಲಿಗೆಂದು ಕರೆತಂದ ಕಪ್ಪೆ

ಮಕ್ಕಳೇ, ಮಳೆ ಬಿದ್ದ ರಾತ್ರಿ ಬೀದಿ ದೀಪದ ಕೆಳಗೆ ಒಮ್ಮೆ ನೋಡಿ. ಮೈತುಂಬ ಗಂಟುಗಂಟಾದ ನೆಲಗಪ್ಪೆಯೊಂದು ಹುಳುಗಳಿಗೆ ಕಾಯುತ್ತ ಕುಳಿತಿರುತ್ತದೆ. ನಮ್ಮ ಮುಗಳಖೋಡದ ಹುಡುಗರು 'ಕಪ್ಪಿ, ಕಪ್ಪಿ' ಎಂದು ಕೂಗಿ ಕಲ್ಲು ಎತ್ತಿಕೊಳ್ಳುತ್ತಾರೆ. ಕಲ್ಲು ಕೆಳಗಿಡಿ. ಈ ವಾರ ಅದರ ದೂರದ ನೆಂಟನ ಕಥೆ ಹೇಳುತ್ತೇನೆ. ಅದು ಶುರುವಾಗುವುದು ನಮಗೆಲ್ಲ ಗೊತ್ತಿರುವ ಕಬ್ಬಿನ ಹೊಲದಲ್ಲೇ.

ಕಬ್ಬಿಗೆ ಗೊಣ್ಣೆಹುಳು ಬಿದ್ದರೆ ಏನಾಗುತ್ತದೆಂದು ರಾಯಬಾಗ, ಅಥಣಿ ಕಡೆಯ ಯಾವ ರೈತರನ್ನಾದರೂ ಕೇಳಿ. ಮಣ್ಣಿನೊಳಗೆ ಅಡಗಿ ಅದು ಬೇರು ತಿನ್ನುತ್ತದೆ. ಹಸಿರಾಗಿ ನಿಂತ ಕಬ್ಬು ಹಳದಿಯಾಗಿ ಒಣಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ರೈತರಿಗೂ ಇಂಥದೇ ಹುಳುವಿನ ಕಾಟವಿತ್ತು. ದಕ್ಷಿಣ ಮತ್ತು ಮಧ್ಯ ಅಮೆರಿಕದ ದೊಡ್ಡ ನೆಲಗಪ್ಪೆ ಇವನ್ನೆಲ್ಲ ತಿಂದುಹಾಕುತ್ತದೆ ಎಂದು ಅಲ್ಲಿಯ ತಜ್ಞರು ನಂಬಿದರು. 1935ರಲ್ಲಿ ಹವಾಯಿ ದ್ವೀಪದಿಂದ ನೂರು ಚಿಲ್ಲರೆ ಕಪ್ಪೆಗಳನ್ನು ಗಾರ್ಡನ್‌ವೇಲ್ ಎಂಬ ಊರಿಗೆ ತಂದು, ಮರಿ ಮಾಡಿಸಿ, ಹೊಲಗಳಿಗೆ ಬಿಟ್ಟರು.

ಇದು ಬೇಡ ಎಂದು ಆಗಲೇ ಹೇಳಿದ ಹಿರಿಯರೊಬ್ಬರಿದ್ದರು. ವಾಲ್ಟರ್ ಫ್ರಾಗಟ್ ಎಂಬ ನಿವೃತ್ತ ಕೀಟತಜ್ಞರು. ವಯಸ್ಸು ಎಪ್ಪತ್ತು ದಾಟಿತ್ತು. ಅವರ ಮಾತಿಗೆ ಸರ್ಕಾರ ಕೆಲವು ತಿಂಗಳು ಕಪ್ಪೆ ಬಿಡುವುದನ್ನು ನಿಲ್ಲಿಸಿತು. 1936ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟಿತು.

ಕಪ್ಪೆ ಹುಳು ತಿಂದಿತೇ? ಹುಳು ಇರುವುದು ನೆಲದೊಳಗೆ, ಅದು ಬೆಳೆದು ದುಂಬಿಯಾದರೆ ಕೂರುವುದು ಮೇಲಿನ ಎಲೆಗಳಲ್ಲಿ. ಈ ಕಪ್ಪೆ ಅಗೆದು ಹುಳು ತೆಗೆಯುವುದೂ ಇಲ್ಲ, ಕಬ್ಬು ಹತ್ತುವುದೂ ಇಲ್ಲ. ಕೂಲಿಗೆಂದು ಕರೆತಂದದ್ದು ಕೆಲಸ ಬಿಟ್ಟು ಸಂಸಾರ ಹೂಡಿತು. ಒಂದು ಹೆಣ್ಣು ಒಮ್ಮೆಗೆ ಇಡುವ ಮೊಟ್ಟೆ ಎಂಟು ಸಾವಿರದಿಂದ ಮೂವತ್ತು ಸಾವಿರ! ಬ್ಯಾಂಕಿನಲ್ಲಿ ವರ್ಷಗಟ್ಟಲೆ ಚಕ್ರಬಡ್ಡಿಯ ಲೆಕ್ಕ ಬರೆದವನು ನಾನು. ಇಂಥ ಬಡ್ಡಿ ಯಾವ ಖಾತೆಯಲ್ಲೂ ಕಂಡಿಲ್ಲ. ಮೇಲಾಗಿ ಅದರ ಕಣ್ಣಿನ ಹಿಂದೆ ವಿಷದ ಗ್ರಂಥಿಗಳಿವೆ. ಹಾವು, ಉಡ, ಸಿಹಿನೀರಿನ ಮೊಸಳೆ ಹೀಗೆ ತಿಂದವು ಸತ್ತವು.

ಈಗ ನಿಜವಾದ ವಿಚಿತ್ರ ಕೇಳಿ. ಮೊದಮೊದಲು ಈ ಕಪ್ಪೆಗಳು ವರ್ಷಕ್ಕೆ ಹತ್ತು ಕಿಲೋಮೀಟರಿನಷ್ಟು ಮುಂದೆ ಹೋಗುತ್ತಿದ್ದವು. ಈಗ ಪಡೆಯ ಮುಂದಿನ ಸಾಲು ವರ್ಷಕ್ಕೆ ಐವತ್ತು ಕಿಲೋಮೀಟರ್ ದಾಟುತ್ತಿದೆ. 2006ರಲ್ಲಿ ರಿಚರ್ಡ್ ಶೈನ್ ಮತ್ತು ಸಂಗಡಿಗರು ಅಳೆದು ನೋಡಿದರು. ಮುಂದಿನ ಸಾಲಿನ ಕಪ್ಪೆಗಳ ಕಾಲು ಹಿಂದಿನವಕ್ಕಿಂತ ಉದ್ದವಾಗಿದ್ದವು.

ಹೇಗೆ? ನಮ್ಮ ಕಡೆಯಿಂದ ಪಂಢರಪುರಕ್ಕೆ ದಿಂಡಿ ಹೊರಡುವುದನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕಿದರೂ, ಸಂಜೆ ವಸ್ತಿಯ ಊರಿಗೆ ಮೊದಲು ಮುಟ್ಟುವವರು ಬಿರುಸು ನಡಿಗೆಯವರೇ. ಕಪ್ಪೆಗಳಲ್ಲೂ ಹಾಗೆಯೇ. ಎಲ್ಲಕ್ಕಿಂತ ಮುಂದೆ ಹೋದಲ್ಲಿ ಗಂಡೂ ಚುರುಕು, ಹೆಣ್ಣೂ ಚುರುಕು. ಅವುಗಳ ಮರಿಗಳು ಇನ್ನೂ ಚುರುಕು. ಪ್ರತಿ ತಲೆಮಾರಿನಲ್ಲೂ ಇದೇ ಆಯ್ಕೆ. ಆದರೆ ಬಿಟ್ಟಿ ಏನೂ ಸಿಗುವುದಿಲ್ಲ. ಹೀಗೆ ಓಡಿದ ದೊಡ್ಡ ಕಪ್ಪೆಗಳಲ್ಲಿ ಕೆಲವಕ್ಕೆ ಬೆನ್ನುಮೂಳೆಯ ಸಂಧಿವಾತ ಬರುತ್ತದೆ! ಆ ನೋವು ಎಂಥದೆಂದು ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ.

ಅಲ್ಲಿಯ ಹಾವುಗಳೂ ಬದಲಾದವು. ಕೆಂಪು ಹೊಟ್ಟೆಯ ಕಪ್ಪುಹಾವಿನಲ್ಲಿ, ದೇಹಕ್ಕೆ ಹೋಲಿಸಿದರೆ ತಲೆ ಸಣ್ಣದಾಗುತ್ತ ಬಂದಿದೆ. ಯಾವ ಹಾವೂ ಬೇಕೆಂದು ತನ್ನ ತಲೆ ಸಣ್ಣದು ಮಾಡಿಕೊಳ್ಳಲಿಲ್ಲ, ಮಕ್ಕಳೇ. ದೊಡ್ಡ ಬಾಯಿಯವು ದೊಡ್ಡ ಕಪ್ಪೆ ನುಂಗಿ, ಹೆಚ್ಚು ವಿಷ ಉಂಡು ಸತ್ತವು. ಸಣ್ಣ ಬಾಯಿಯವು ಸಣ್ಣ ಕಪ್ಪೆಯನ್ನಷ್ಟೇ ನುಂಗಿ ಬದುಕಿ ಮರಿ ಹಾಕಿದವು. ಜೀವ ವಿಕಾಸ ಎಂದರೆ ಇಷ್ಟೇ. ಅದಕ್ಕೆ ಲಕ್ಷ ವರ್ಷವೇ ಬೇಕೆಂದಿಲ್ಲ. ಒಬ್ಬ ಮನುಷ್ಯನ ಆಯುಷ್ಯದಷ್ಟು ಕಾಲವೂ ಸಾಕಾಗಬಹುದು.

ಇದೆಲ್ಲ ಅಮೆರಿಕದ ಕಪ್ಪೆಯ ದುಷ್ಟತನ ಎನ್ನಬೇಡಿ. ನಮ್ಮ ದೇಶದ ಕಪ್ಪೆಗಳೂ ಕಡಿಮೆಯಿಲ್ಲ. ಮಳೆಗಾಲದಲ್ಲಿ ಅರಿಸಿನ ಬಳಿದುಕೊಂಡಂತೆ ಹಳದಿಯಾಗುವ ಗೂಳಿಕಪ್ಪೆ ಅಂಡಮಾನ್ ದ್ವೀಪಗಳಿಗೆ ಸೇರಿದೆ. ಸಾಕಣೆಯ ಮೀನುಮರಿಗಳ ಜೊತೆ ಅದರ ಮರಿಗಳೂ ಹೊಂಡದಿಂದ ಹೊಂಡಕ್ಕೆ ಸಾಗಿದವು. ಅವು ಅಲ್ಲಿಯ ಕಪ್ಪೆಗಳ ಮರಿಗಳನ್ನು ತಿನ್ನುತ್ತವೆ. ದೀಪದ ಕೆಳಗಿನ ನಮ್ಮ ನೆಲಗಪ್ಪೆಯ ಬಳಗ ಆಗ್ನೇಯ ಏಷ್ಯಾದಲ್ಲೂ ಇದೆ. ಅಲ್ಲಿಂದ ಕೆಲವು ಮಡಗಾಸ್ಕರ್ ದ್ವೀಪದ ಬಂದರು ಊರು ತೊಮಾಸಿನಾ ಸೇರಿವೆ. 2014ರಲ್ಲಿ ಈ ಸುದ್ದಿ ವಿಜ್ಞಾನಿಗಳಿಗೆ ಗಾಬರಿ ಹುಟ್ಟಿಸಿತು. ಅಲ್ಲಿಯ ಬಹುತೇಕ ಪ್ರಾಣಿಗಳಿಗೆ ಈ ವಿಷ ತಡೆಯುವ ಶಕ್ತಿಯಿಲ್ಲ.

ಹಾಗಾದರೆ ಅದೇ ನೆಲಗಪ್ಪೆ ನಮ್ಮ ಅಂಗಳದಲ್ಲಿ ಏಕೆ ಸುಮ್ಮನಿದೆ? ಇಲ್ಲಿ ಅದರ ಜಮಾ ಖರ್ಚು ಸರಿಹೊಂದಿದೆ. ಕೇರೆಹಾವಿನಂಥ ಹಾವುಗಳು ತಲತಲಾಂತರದಿಂದ ಅದನ್ನು ತಿಂದು ವಿಷ ಅರಗಿಸಿಕೊಂಡು ಬಂದಿವೆ. ಕಪ್ಪೆ ಹುಳುವನ್ನು ತಿನ್ನುತ್ತದೆ, ಹಾವು ಕಪ್ಪೆಯನ್ನು ತಿನ್ನುತ್ತದೆ. ಊರು ಬಿಡಿಸಿ ಒಯ್ದಾಗ ಈ ಖಾತೆಯ ಒಂದೇ ಬದಿ ಹೋಗುತ್ತದೆ, ಇನ್ನೊಂದು ಬದಿ ಇಲ್ಲೇ ಉಳಿಯುತ್ತದೆ. ಯಾವ ಪ್ರಾಣಿಯೂ ಹುಟ್ಟಾ ಕೆಟ್ಟದ್ದಲ್ಲ. ಅದನ್ನು ತಂದು ಬಿಟ್ಟವರು ಲೆಕ್ಕ ತಪ್ಪಿರುತ್ತಾರೆ.

ನಮ್ಮ ಗೊಣ್ಣೆಹುಳುವಿಗೂ ಇಲ್ಲಿಯೇ ಉಪಾಯವಿದೆ. ಮೊದಲ ಮಳೆಯಾದ ಮೇಲೆ ಅದರ ದುಂಬಿಗಳು ಸಂಜೆ ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ಊರವರು ಸೇರಿ ಕೊಂಬೆ ಅಲುಗಿಸಿ, ಆರಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಮೊಟ್ಟೆ ಇಡುವ ಮೊದಲೇ ಕಡಿಮೆಯಾಗುತ್ತವೆ. ಮಣ್ಣಿನಲ್ಲೇ ಇರುವ ಮೆಟಾರೈಜಿಯಂ ಎಂಬ ಶಿಲೀಂಧ್ರವನ್ನು ಬೆಳೆಸಿ ಗೊಬ್ಬರದ ಜೊತೆ ಹಾಕುವ ಪದ್ಧತಿಯೂ ಇದೆ. ಅದು ಹುಳುವಿಗೆ ರೋಗ ತರುತ್ತದೆ.

ನಿಮಗೊಂದು ಕೆಲಸ. ಮುಂದಿನ ಮಳೆಯ ರಾತ್ರಿ ದೂರ ಕುಳಿತು, ಒಂದು ನೆಲಗಪ್ಪೆ ಹತ್ತು ನಿಮಿಷದಲ್ಲಿ ಎಷ್ಟು ಹುಳು ಹಿಡಿಯುತ್ತದೆ ಎಣಿಸಿ ಬರೆದಿಡಿ. ಮುಟ್ಟಿದರೆ ಕೈ ತೊಳೆಯಿರಿ, ನಾಯಿಮರಿಯನ್ನು ಹತ್ತಿರ ಬಿಡಬೇಡಿ. ಬಾಟಲಿಯಲ್ಲಿ ಹಾಕಿ ಬೇರೆ ಊರಿಗೆ ಮಾತ್ರ ಒಯ್ಯಬೇಡಿ.