ಗುಡುಗು ಬಂತು, ಮಾತು ಹೋಯಿತು

ಕಳೆದ ಯುಗಾದಿಯ ಸಂಜೆ ಡೊಂಬಿವಲಿಯ ಮಿತ್ರರೊಬ್ಬರ ಮನೆಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಸೇರಿ ‘ಬಂಗಾರದ ಮನುಷ್ಯ’ ನೋಡಲು ಕುಳಿತೆವು. 1972ರ ಚಿತ್ರ. ನಮ್ಮಲ್ಲಿ ಅನೇಕರಿಗೆ ಅದರ ಸಂಭಾಷಣೆ ಅರ್ಧಕ್ಕರ್ಧ ಬಾಯಿಪಾಠ. ಮಿತ್ರರು ಹೊಸದಾಗಿ ಕೊಂಡ ಹೋಂ ಥಿಯೇಟರಿನ ಪ್ರವೇಶೋತ್ಸವವೂ ಅಂದೇ ಇತ್ತೆನ್ನಿ. ಎದುರಿಗೆ ಮೂರು ಸ್ಪೀಕರು, ಬೆನ್ನ ಹಿಂದೆ ಎರಡು, ಸೋಫಾದ ಪಕ್ಕದ ಮೂಲೆಯಲ್ಲಿ ಅಕ್ಕಿ ಡಬ್ಬಿಯಷ್ಟು ದೊಡ್ಡದಾದ ಕರಿಯ ಪೆಟ್ಟಿಗೆ. ಅದೇ ಸಬ್‌ವೂಫರ್. ಚಿತ್ರ ಆರಂಭವಾದೊಡನೆ ಶೋಕೇಸಿನ ಗಾಜು ಗಲಗಲಿಸಿತು. ರಾಜ್‌ಕುಮಾರರು ಮಾತಾಡಿದರೆ ಕೊಡದೊಳಗೆ ಮುಖವಿಟ್ಟು ಮಾತಾಡಿದ ಹಾಗೆ. ಅದೂ ಪರದೆಯಿಂದಲ್ಲ, ಮೂಲೆಯಿಂದ. ಅರ್ಧ ಗಂಟೆಯೊಳಗೆ ಮನೆಯ ಅಜ್ಜಿ “ತಲೆ ಧಿಮ್ಮೆನ್ನುತ್ತೆ” ಎಂದು ಎದ್ದು ಒಳಗೆ ಹೋದರು. ಮೊಮ್ಮಗ ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು ಕಥೆ ತಿಳಿದುಕೊಂಡ. ಕನ್ನಡಿಗರ ಮನೆ, ಕನ್ನಡದ ಚಿತ್ರ. ಹುಡುಗನಿಗೆ ಕನ್ನಡ ಮುಟ್ಟಿದ್ದು ಇಂಗ್ಲಿಷಿನ ಮೂಲಕ!

ಇದು ಒಂದು ಮನೆಯ ಕಥೆಯಾಗಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ. ಮುಲುಂಡ್, ಠಾಣೆ, ಮಲಾಡ್ ಎಂದು ನಾವು ಹೋದ ಹೆಚ್ಚಿನ ಮನೆಗಳಲ್ಲಿ ಇದೇ ಅವಸ್ಥೆ. ಅಂಗಡಿಯ ಹುಡುಗ ಬಂದು ತಂತಿ ಜೋಡಿಸಿ, ಒಂದು ಯುದ್ಧದ ದೃಶ್ಯ ಹಾಕಿ ನೆಲ ನಡುಗಿಸಿ ತೋರಿಸಿ ಹೋಗಿದ್ದಾನೆ. ಅವನು ತಿರುಗಿಸಿಟ್ಟ ಗುಂಡಿ ಇಂದಿಗೂ ಹಾಗೆಯೇ ಇದೆ. ಅದನ್ನು ಮುಟ್ಟಲು ಯಜಮಾನರಿಗೆ ಭಯ, ತಗ್ಗಿಸಿರೆಂದರೆ ಅವಮಾನ. “ಇಷ್ಟು ಹಣ ಸುರಿದಿದ್ದೇವೆ, ಕೇಳಿಸಬೇಡವೆ?” ಎನ್ನುತ್ತಾರೆ. ಕೇಳಿಸಬೇಕು ಮಹಾಶಯರೆ, ಕೇಳಿಸಬೇಕು. ಏನು ಕೇಳಿಸಬೇಕು ಎಂಬುದೇ ನಮ್ಮ ತಕರಾರು.

ಯಂತ್ರವೇ ಬೇಡ ಎನ್ನುವವರ ಪೈಕಿ ನಾವಲ್ಲ. ಆದರೆ ಹಳೆಯದೊಂದನ್ನು ನೆನಪಿಸದೆ ಗತಿಯಿಲ್ಲ. ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದು ಮಾತಾಡಿದ ದಿನಗಳನ್ನು ಮರೆಯದವರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಟೆಲಿಫೋನ್ ತಂತಿ ಸಾಗಿಸುತ್ತಿದ್ದುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಶಬ್ದವನ್ನಷ್ಟೆ. ಕಿವಿ ಹಿಡಿಯಬಲ್ಲದ್ದು 20ರಿಂದ 20,000 ಹರ್ಟ್ಸ್. ಅಂದರೆ ಆ ತಂತಿಯಲ್ಲಿ ಗುಡುಗಿಗೆ ಜಾಗವೇ ಇರಲಿಲ್ಲ. ಆದರೂ ತಾಯಿಯ ದನಿಯಲ್ಲಿ ನೆಗಡಿ ಇದೆಯೋ ಅಳುವಿದೆಯೋ ಎಂದು ನಮಗೆ ತಿಳಿಯುತ್ತಿತ್ತು. ಹುಲಿಗೂ ಹುಳಿಗೂ, ಬಲೆಗೂ ಬಳೆಗೂ ಇರುವ ವ್ಯತ್ಯಾಸ ಮೇಲಿನ ಸ್ತರಗಳ ಸೂಕ್ಷ್ಮದಲ್ಲಿದೆ. ಮೂಲೆಯ ಪೆಟ್ಟಿಗೆ ಅದನ್ನು ಹೇಳಲಾರದು. ಅಷ್ಟೇ ಅಲ್ಲ, ಜೋರಾದ ಕೆಳಶಬ್ದ ಮೇಲಿನ ಮೆಲುಶಬ್ದವನ್ನು ಕಿವಿಯಲ್ಲೇ ಮುಚ್ಚಿಹಾಕುತ್ತದೆ. ಮರಾಠಿಯಲ್ಲಿ ಳಕಾರ ಉಂಟು, ಮುಂಬಯಿಯ ನಮ್ಮ ಮಕ್ಕಳು ಹೇಗೋ ಪಾರಾದಾರು. ದಿಲ್ಲಿಯ ಬಂಧುಗಳ ಮಕ್ಕಳಿಗೆ ಸುತ್ತಲಿನ ಹಿಂದಿಯಲ್ಲಿ ಅದೂ ಸಿಗದು. ಮನೆಯ ಹಾಲ್ ಒಂದೇ ಅವರ ಕನ್ನಡ ಶಾಲೆ. ಆ ಶಾಲೆಯಲ್ಲಿ ನಗಾರಿ ಬಾರಿಸುತ್ತಿರುವವರು ನಾವೇ.

ತಪ್ಪು ಎಲ್ಲಿದೆ? ಕ್ರಾಸ್‌ಓವರ್ ಎಂಬ ಗುಂಡಿಯಲ್ಲಿ. ಇದನ್ನು ಎರಡು ಹೊಲಗಳ ನಡುವಿನ ಬದು ಎಂದು ತಿಳಿಯಿರಿ. ಬದುವಿನ ಕೆಳಗಿನ ಶಬ್ದ ಸಬ್‌ವೂಫರಿಗೆ, ಮೇಲಿನದು ಉಳಿದ ಸ್ಪೀಕರುಗಳಿಗೆ. ಅಮೆರಿಕದ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯಲ್ಲಿ 1983ರಲ್ಲಿ ಚಿತ್ರಮಂದಿರಗಳಿಗಾಗಿ ಹುಟ್ಟಿದ ಟಿ.ಎಚ್.ಎಕ್ಸ್. ಪದ್ಧತಿ ಮುಂದೆ ಮನೆಗಳಿಗೆ ಬಂದಾಗ ಈ ಬದುವನ್ನು 80 ಹರ್ಟ್ಸ್‌ನಲ್ಲಿ ಹಾಕಿತು. ಅದಕ್ಕಿಂತ ಕೆಳಗಿನ ಶಬ್ದ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಗಂಡಸರ ದನಿಯ ಬುಡ ಸುಮಾರು 85 ಹರ್ಟ್ಸ್‌ನಿಂದ ಮೇಲಕ್ಕೆ. ಡೊಂಬಿವಲಿಯ ಪೆಟ್ಟಿಗೆಯಲ್ಲಿ ಬದು 150ರ ಮೇಲಿತ್ತು! ಸಾಲದ್ದಕ್ಕೆ ಈ ಬದು ನೆಟ್ಟಗಿನ ಗೋಡೆಯೂ ಅಲ್ಲ, ಇಳಿಜಾರು. 150 ಎಂದರೆ 200ರ ಶಬ್ದವೂ ಅಷ್ಟಿಷ್ಟು ಜಾರಿ ಪೆಟ್ಟಿಗೆಗೆ ಬೀಳುತ್ತದೆ. ನಾಯಕನ ದನಿ ಮೂಲೆ ಸೇರಿದ್ದು ಹೀಗೆ.

ಇನ್ನೊಂದು ತಮಾಷೆ. 5.1 ಎಂಬಲ್ಲಿಯ ಆ .1 ಗುಡುಗಿಗೆಂದೇ ಮೀಸಲಾದ ಪ್ರತ್ಯೇಕ ಕಾಲುವೆ. ಡಾಲ್ಬಿ ಡಿಜಿಟಲ್ ಪದ್ಧತಿ 1992ರಲ್ಲಿ ಬ್ಯಾಟ್‌ಮ್ಯಾನ್ ಚಿತ್ರವೊಂದರೊಡನೆ ಚಿತ್ರಮಂದಿರಕ್ಕೆ ತಂದದ್ದು ಅದನ್ನೇ. 1972ರ ಚಿತ್ರದ ಮೂಲ ಧ್ವನಿಪಟ್ಟಿ ಒಂದೇ ಒಂದು. ಅದರಲ್ಲಿ ಆ ಕಾಲುವೆಯೇ ಇಲ್ಲ. ಹಳೆಯ ಚಿತ್ರಕ್ಕೆ ಸಬ್‌ವೂಫರ್ ಏರಿಸಿದರೆ ನೀವು ಕೇಳುವುದು ಹಳೆಯ ಫಿಲ್ಮಿನ ಗುಂಯ್‌ಗುಡುವಿಕೆಯನ್ನು!

ರಿಸೀವರಿನಲ್ಲಿ ಸ್ಪೀಕರು ‘ಸ್ಮಾಲ್’ ಅಥವಾ ‘ಲಾರ್ಜ್’ ಎಂದು ಗುರುತಿಸುವ ಜಾಗವೊಂದಿದೆ. ಕಂತಿನ ಮೇಲೆ ತಂದ ಸ್ಪೀಕರನ್ನು ಸ್ಮಾಲ್ ಎನ್ನಲು ನಮ್ಮವರ ಬಾಯಿ ಬರುವುದಿಲ್ಲ. ಅದು ಜಾತಕವಲ್ಲ ಸ್ವಾಮಿ. ಬದು ಹಾಕಲು ಅನುಮತಿ ಅಷ್ಟೆ. ಸ್ಮಾಲ್ ಎನ್ನಿ, 80 ಎನ್ನಿ. ಪೆಟ್ಟಿಗೆಯ ಬೆನ್ನಿನ ಗುಂಡಿಯನ್ನು ಕೊನೆಯವರೆಗೆ ಮೇಲೇರಿಸಿಬಿಡಿ; ಬದು ಹಾಕುವ ಕೆಲಸ ರಿಸೀವರ್ ಒಂದೇ ಮಾಡಲಿ. ಎರಡು ಬದು ಬಿದ್ದರೆ ನಡುವಿನ ಶಬ್ದ ಬೀಳುನೆಲವಾಗುತ್ತದೆ. ಅಂಗೈಯಗಲದ ಸ್ಪೀಕರುಗಳಿಗೆ 80ರವರೆಗೆ ಇಳಿಯುವ ಶಕ್ತಿಯಿಲ್ಲ. ಅವರು 120ಕ್ಕೆ ಇಡಲೇಬೇಕು. ಆಗ ಪೆಟ್ಟಿಗೆಯನ್ನು ಟಿವಿಯ ಪಕ್ಕದಲ್ಲೇ ಇಡಿ, ದನಿ ದಿಕ್ಕು ತಪ್ಪದು. ಸೌಂಡ್‌ಬಾರ್ ಉಳ್ಳವರಿಗೂ ಇದೇ ಮಾತು.

ಮೂಲೆಯ ಮೋಹ ಬಿಡಬೇಕು. ನಮ್ಮ ಮುಂಬಯಿಯ ಹಾಲ್ ಎಂದರೆ ಹತ್ತು ಹನ್ನೆರಡು ಅಡಿ. ಹನ್ನೆರಡು ಅಡಿಯ ಗೋಡೆಗಳ ನಡುವೆ 47 ಹರ್ಟ್ಸ್, ಹತ್ತು ಅಡಿಯಲ್ಲಿ 56 ಹರ್ಟ್ಸ್, ಈ ಎರಡು ಶಬ್ದಗಳು ಗೋಡೆಯಿಂದ ಗೋಡೆಗೆ ಬಡಿದು ತಾವೇ ಉಬ್ಬುತ್ತವೆ. ಮೂಲೆಯಲ್ಲಿಟ್ಟರೆ ಉರಿಯುವ ಬೆಂಕಿಗೆ ತುಪ್ಪ. ಉಪಾಯ ಸುಲಭ, ಖರ್ಚಿಲ್ಲ: ಪೆಟ್ಟಿಗೆಯನ್ನು ನೀವು ಕುಳಿತುಕೊಳ್ಳುವ ಜಾಗದಲ್ಲಿಟ್ಟು, ತಗ್ಗುಸ್ವರದ ಯಾವುದಾದರೂ ಸಂಗೀತ ಹಾಕಿ, ನೀವು ಗೋಡೆಯ ಗುಂಟ ಅಂಬೆಗಾಲಿಡಿ. ಎಲ್ಲಿ ಶಬ್ದ ಉಬ್ಬದೆ ಕುಗ್ಗದೆ ಸಮನಾಗಿ ಕೇಳುವುದೋ ಅಲ್ಲಿ ಪೆಟ್ಟಿಗೆ. ಮಕ್ಕಳು ನಗುತ್ತಾರೆ, ನಗಲಿ.

ಸಂಗೀತ ಕೇಳುವವರಿಗೂ ಒಂದು ಮಾತು. ಮೃದಂಗದ ಬಲಮುಖದ ಕರಣೆ ಅದರ ಉಪಸ್ವರಗಳನ್ನು ಶ್ರುತಿಗೆ ಹೊಂದಿಸುತ್ತದೆಂದು, ಮುಂದೆ ಬೆಂಗಳೂರನ್ನೇ ಮನೆ ಮಾಡಿಕೊಂಡ ಸಿ.ವಿ. ರಾಮನ್ 1920ರಲ್ಲೇ ತೋರಿಸಿಕೊಟ್ಟಿದ್ದರು. ಆ ನಾದವನ್ನೆಲ್ಲ ಎಡಮುಖದ ಗುಂಕಾರದಡಿ ಹೂತುಹಾಕಿ “ಏನು ಎಫೆಕ್ಟು!” ಎನ್ನುವವರನ್ನು ಏನೆನ್ನೋಣ?

ಕೆಳಮನೆಯವರ ಗತಿ ಏನು? 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎನ್ನುತ್ತವೆ. “ಅಳೆದು ನೋಡಿದ್ದೇವೆ, ಮಿತಿಯೊಳಗಿದ್ದೇವೆ” ಎಂದು ಒಬ್ಬ ಸದಸ್ಯರು ನಮ್ಮೊಡನೆ ವಾದಿಸಿದರು. ಆ ಮಾಪನ ಕಿವಿಯ ಸ್ವಭಾವವನ್ನನುಸರಿಸಿ 50 ಹರ್ಟ್ಸ್‌ನ ಶಬ್ದದಲ್ಲಿ ಸುಮಾರು 30 ಡೆಸಿಬೆಲ್ ಕಳೆದೇ ಲೆಕ್ಕ ಹಾಕುತ್ತದೆಂಬುದು ಅವರಿಗೆ ತಿಳಿಯದು. ಅಂಕಿ ಮಿತಿಯೊಳಗಿದ್ದರೂ ಕೆಳಮನೆಯ ಮಂಚ ನಡುಗೀತು. ಇಟ್ಟಿಗೆಯ ಗೋಡೆ ಮಾತನ್ನು ತಡೆಯುತ್ತದೆ, ಗುಡುಗನ್ನು ಅಷ್ಟಾಗಿ ತಡೆಯದು. ಪರಊರಿನಲ್ಲಿ ನೆರೆಯವರಿಗೆ ನಮ್ಮ ಭಾಷೆಯಿಂದ ತಲುಪುವುದು ಈ ಧಡಧಡ ಒಂದೇ ಆದರೆ ಅವರು ನಮ್ಮ ಬಗ್ಗೆ ಏನೆಂದುಕೊಂಡಾರು?

ಈಗಿನ ಚಿತ್ರಗಳಲ್ಲಿ ಧ್ವನಿ ಮಿಶ್ರಣವೇ ಹಾಗಿರುತ್ತದೆ, ಮಾತಿಗಿಂತ ಹಿನ್ನೆಲೆಯೇ ಜೋರು ಎನ್ನುವವರ ಮಾತು ಸುಳ್ಳಲ್ಲ. ಅದಕ್ಕೇ ನಡುವಿನ ಸ್ಪೀಕರನ್ನು ಎರಡು ಮೂರು ಡೆಸಿಬೆಲ್ ಏರಿಸಿ. ಮಾತು ಬರುವುದು ಬಹುಪಾಲು ಅಲ್ಲಿಂದಲೇ. ಅದನ್ನು ಟಿವಿಯ ಕೆಳಗೆ, ಮೊಣಕಾಲಿನೆತ್ತರದಲ್ಲಿ, ಗಣಪತಿಯ ಬೊಂಬೆಯ ಹಿಂದೆ ಬಚ್ಚಿಟ್ಟು ಮಾತು ಕೇಳಿಸದೆಂದರೆ ಯಾರ ತಪ್ಪು?

ಯುಗಾದಿಯ ಮರುವಾರ ನಾವಿಬ್ಬರು ಡೊಂಬಿವಲಿಗೆ ಹೋಗಿ 80ಕ್ಕೆ ಇಟ್ಟು, ಪೆಟ್ಟಿಗೆಯನ್ನು ಎದುರು ಗೋಡೆಗೆ ತಂದು, ಅದರ ಜೋರನ್ನು ಇಳಿಸಿ, ನಡುವಿನ ಸ್ಪೀಕರಿನ ಮೂತಿಯನ್ನು ಕಿವಿಯತ್ತ ಎತ್ತಿ ನಿಲ್ಲಿಸಿ ಬಂದೆವು. ಅಜ್ಜಿ ಬಂದು ಕುಳಿತು ಕೊನೆಯವರೆಗೆ ನೋಡಿದರು. ಯಜಮಾನರಿಗೆ ಮಾತ್ರ ಸಮಾಧಾನವಿಲ್ಲ: “ಇಷ್ಟು ದುಡ್ಡು ಕೊಟ್ಟಿದ್ದನ್ನು ಟೇಬಲ್ ರೇಡಿಯೋ ಮಾಡಿಬಿಟ್ಟಿರಲ್ಲ!” ಗಣೇಶ ಚೌತಿಗೆ ಅಳಿಯ ಬಂದಾಗ ಗುಂಡಿ ಮತ್ತೆ ಬಲಕ್ಕೆ ತಿರುಗಿತೆಂದು ಅಜ್ಜಿಯೇ ಫೋನ್ ಮಾಡಿ ದೂರಿದ್ದಾರೆ. ಬರುವ ಭಾನುವಾರ ಮತ್ತೆ ಹೋಗುತ್ತೇವೆ.